ನೌಕರಿಯನ್ನು ಬಿಟ್ಟು ಸ್ವಂತ ಉದ್ಯಮವನ್ನು ಕೈಕೊಳ್ಳುವ ವಿಚಾರ

(ಸಸಿ ಬೆಳೆಸುವ ಉದ್ಯಮವನ್ನು ನಡೆಸುತ್ತಿರುವ ಒಬ್ಬರ ಅನುಭವ)

ಓದು ಮುಗಿಸಿ ಪಟ್ಟಣವನ್ನು ಸೇರಿದ ತರುಣರು ತಿಂಗಳ ಸಂಬಳವನ್ನು ಬಿಟ್ಟು ಊರಿಗೆ ಹಿಂದಿರುಗಿ, ಸ್ವಂತವಾಗಿ ಒಂದು ಉದ್ಯಮವನ್ನು ನಡೆಸುವೆವೆಂದು ಹೇಳುವುದು ಈಚಿನ ವರ್ಷಗಳಲ್ಲಿ ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ಪಟ್ಟಣದವರು ಇದನ್ನು ಸ್ಟಾರ್ಟಪ್ ಎಂದು ಕರೆಯುವರು. ೨೦೧೬ನೆಯ ಇಸವಿ ಜನವರಿ ೧೬ರಂದು ಕೇಂದ್ರ ಸರ್ಕಾರದವರು ಸ್ಟಾರ್ಟಪ್ ಇಂಡಿಯಾ ಎಂಬ ಯೋಜನೆಯನ್ನು ಪ್ರಾರಂಭಿಸಿದ ಮೇಲೆ ಈ ಶಬ್ದವು ಹಳ್ಳಿಗಳಲ್ಲಿಯೂ ಕೇಳಿಬರತೊಡಗಿತು. ಶಬ್ದವು ಹೊಸದಾದರೂ ಕಾರ್ಯವು ಹಳೆಯದು. ಒಬ್ಬರ ಕೈಕೆಳಗೆ ದುಡಿಯುವುದನ್ನು ಬಿಟ್ಟು, ತನ್ನ ಬುದ್ಧಿಯನ್ನೂ ಬಂಡವಾಳವನ್ನೂ ಒಡ್ಡಿ, ಜನರಿಗೆ ಬೇಕಾದ ಒಂದು ಪದಾರ್ಥವನ್ನು ಹೊಸ ರೀತಿಯಲ್ಲಿ ಒದಗಿಸುವುದೇ ಅದರ ಸಾರವಾಗಿರುತ್ತದೆ.

ಇಂತಹ ಮಾತು ಒಂದು ಮನೆಯಲ್ಲಿ ಹುಟ್ಟಿದಾಗ ಅದು ಆ ತರುಣನೊಬ್ಬನ ವಿಷಯವಾಗಿ ನಿಲ್ಲುವುದಿಲ್ಲ. ಬಂಡವಾಳಕ್ಕಾಗಿ ಜಮೀನನ್ನು ಒತ್ತೆಯಿಡಬಹುದೇ ಎಂಬ ಪ್ರಶ್ನೆಯು ಮನೆಯ ಯಜಮಾನರ ಮುಂದೆ ಬರುತ್ತದೆ. ಆತನು ಹೇಳುವುದರಲ್ಲಿ ಹುರುಳುಂಟೇ ಎಂದು ನೆರೆಹೊರೆಯವರು ಊರಿನ ಹಿರಿಯರನ್ನು ಕೇಳುತ್ತಾರೆ. ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಆದ ವಾಚಕ ಮಹಾಶಯರು ಈ ವಿಷಯವನ್ನು ಮುಂಚಿತವಾಗಿ ಆಲೋಚಿಸಿಕೊಂಡಿರುವುದು ಮೇಲು.

ಈ ಲೇಖಕನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹನ್ನೊಂದು ವರ್ಷ ನೌಕರಿ ಮಾಡಿ, ಅದನ್ನು ತ್ಯಜಿಸಿ, ೨೦೨೧ರಿಂದ ತನ್ನ ಊರಿನಲ್ಲಿ ತರಕಾರಿ ಸಸಿಗಳನ್ನು ಬೆಳೆಸಿ ಮಾರುತ್ತಿರುವವನು. ಅನುಭವದಿಂದ ಕಂಡುಕೊಂಡ ಮುಖ್ಯ ಸಂಗತಿಯೊಂದೇ: ನೌಕರಿಯನ್ನು ಬಿಡುವುದು ಒಂದು ದಿನದ ಕೆಲಸ. ಮೊದಲು ಕೊಂಡವನು ಎರಡನೆಯ ಸಲ ತಾನಾಗಿಯೇ ಬರುವವರೆಗಿನ ಕಾಲವನ್ನು ದಾಟುವುದು ಕಷ್ಟವಾದ ಕೆಲಸ. ಆ ಕಾಲವನ್ನು ದಾಟಿಸುವ ಶಕ್ತಿಯು ಬ್ಯಾಂಕಿನವರಿಗಿಂತಲೂ ಊರಿನ ಹಿರಿಯರಲ್ಲಿ ಹೆಚ್ಚಾಗಿದೆ.

ನೌಕರಿಯು ಕೊಡುತ್ತಿದ್ದುದೇನು

ನೌಕರಿಯನ್ನು ಬಿಡುವವನು ಸಂಬಳವನ್ನು ಮಾತ್ರ ಬಿಡುತ್ತಾನೆಂದು ಸಾಮಾನ್ಯವಾಗಿ ಎಣಿಸುವರು. ವಾಸ್ತವವಾಗಿ ಸಂಬಳದೊಡನೆ ಹೋಗುವ ವಸ್ತುಗಳು ಇನ್ನೂ ಹಲವಿವೆ. ದೊಡ್ಡ ಸಂಸ್ಥೆಗಳು ನೌಕರನಿಗೂ ಆತನ ಕುಟುಂಬಕ್ಕೂ ಮಾಡಿಸಿರುವ ಆರೋಗ್ಯ ವಿಮೆಯು ನೌಕರಿಯೊಡನೆ ಮುಗಿಯುತ್ತದೆ. ವಯಸ್ಸಾದ ತಂದೆತಾಯಿಗಳಿರುವ ಮನೆಯಲ್ಲಿ ಇದು ಅಲ್ಪವಾದ ನಷ್ಟವಲ್ಲ. ಬೇರೊಂದು ವಿಮೆಯನ್ನು ರಾಜೀನಾಮೆಗೆ ಮುಂಚೆಯೇ ಮಾಡಿಸಿಕೊಳ್ಳತಕ್ಕದ್ದು. ಸಂಬಳದ ಚೀಟಿಯನ್ನು ನೋಡಿ ಸುಲಭವಾಗಿ ಸಾಲ ಕೊಡುತ್ತಿದ್ದ ಬ್ಯಾಂಕಿನವರು, ಅದು ಇಲ್ಲವಾದ ಮರುದಿನದಿಂದ ಅದೇ ಮನುಷ್ಯನನ್ನು ಬೇರೆ ದೃಷ್ಟಿಯಿಂದ ನೋಡುವರು. ಮದುವೆಯಾಗದ ತರುಣನಾದರೆ, ನೌಕರಿ ಬಿಟ್ಟು ಊರಿಗೆ ಬಂದವನಿಗೆ ಹೆಣ್ಣು ಕೊಡಲು ಹಿಂಜರಿಯುವವರೇ ಹೆಚ್ಚು. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಲಾಭನಷ್ಟವನ್ನು ತೂಗಿ ನೋಡಬೇಕು.

ಉದ್ಯಮದ ಬಂಡವಾಳವನ್ನೂ ಮನೆಯ ಖರ್ಚಿನ ಹಣವನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಎರಡು ವರ್ಷಗಳ ಮನೆಖರ್ಚಿಗೆ ಸಾಕಾಗುವಷ್ಟು ಹಣವನ್ನು ಬೇರೆಯಾಗಿ ಇರಿಸಿದ ಮೇಲೆಯೇ ನಾನು ರಾಜೀನಾಮೆಯನ್ನು ಕೊಟ್ಟೆನು. ಮೊದಲನೆಯ ವರ್ಷ ಉದ್ಯಮದಿಂದ ಮನೆಗೆ ಒಂದು ಕಾಸೂ ಬರಲಿಲ್ಲ. ಆ ಹಣವಿಲ್ಲದಿದ್ದರೆ ಸಸಿಗಳಿಗೆ ಹಾಕಬೇಕಾದ ಗೊಬ್ಬರದ ದುಡ್ಡು ಮಗುವಿನ ಶಾಲೆಯ ಶುಲ್ಕಕ್ಕೆ ಹೋಗುತ್ತಿತ್ತು.

ಬೆಳಗಾವಿಯ ಕಬ್ಬಿಣದ ನೇಗಿಲು

ಈ ದಾರಿಯಲ್ಲಿ ನಮಗಿಂತ ಬಹಳ ಮುಂಚೆ ನಡೆದವರೊಬ್ಬರ ವೃತ್ತಾಂತವು ರೈತರೆಲ್ಲರಿಗೂ ತಿಳಿದಿರತಕ್ಕದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯನ್ನು ಕಲಿಯಲು ಬೊಂಬಾಯಿಗೆ ಹೋದರು. ಕಣ್ಣಿಗೆ ಬಣ್ಣಗಳ ಭೇದವು ಸರಿಯಾಗಿ ತಿಳಿಯದ ಕಾರಣ ವರ್ಣಚಿತ್ರವನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಹಿಡಿದು, ಅಲ್ಲಿನ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಉಪಾಧ್ಯಾಯರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಬೇರೊಬ್ಬರಿಗೆ ದೊರೆತಾಗ ಆ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣನವರಾದ ರಾಮಣ್ಣನವರೊಡನೆ ನಡೆಸಿದ ಸೈಕಲ್ ಅಂಗಡಿಯೇ ಅವರ ಉದ್ಯಮದ ಮೂಲ. ಕಿರ್ಲೋಸ್ಕರ್ ಸಂಸ್ಥೆಯವರು ತಮ್ಮ ಪ್ರಾರಂಭವನ್ನು ೧೮೮೮ರಿಂದ ಎಣಿಸುವರು.

ಸೈಕಲ್ಲಿನಿಂದ ಅವರು ಮೇವು ಕತ್ತರಿಸುವ ಯಂತ್ರಕ್ಕೂ, ಅದರಿಂದ ಕಬ್ಬಿಣದ ನೇಗಿಲಿಗೂ ಬಂದರು. ನೇಗಿಲು ಚೆನ್ನಾಗಿಯೇ ಇತ್ತು. ಕೊಳ್ಳುವವರು ಮಾತ್ರ ಇರಲಿಲ್ಲ. ಕಬ್ಬಿಣವು ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನಂಬಿದ್ದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುವರು. ಅಷ್ಟರ ಮೇಲೆ, ಬೆಳಗಾವಿಯಲ್ಲಿ ಕಾರ್ಖಾನೆಯಿದ್ದ ಸ್ಥಳವು ಊರನ್ನು ವಿಸ್ತರಿಸುವುದಕ್ಕೆ ಬೇಕಾದುದರಿಂದ ಅದನ್ನು ಬಿಟ್ಟುಕೊಡಬೇಕಾಯಿತು. ಆಗ ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ೩೨ ಎಕರೆ ಬರಡುಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ೧೯೧೦ರಲ್ಲಿ ಆ ಕಳ್ಳಿಯ ಬಯಲಿನಲ್ಲಿ ಹುಟ್ಟಿದ ಊರೇ ಕಿರ್ಲೋಸ್ಕರವಾಡಿ. ಮುಂದೆ ೧೯೪೧ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, ೧೯೪೬ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯೂ ಸ್ಥಾಪಿತವಾದುವು. ಹರಿಹರದ ಕಾರ್ಖಾನೆಯು ಹಲವು ದಶಕಗಳ ಕಾಲ ಸಾವಿರಾರು ಕುಟುಂಬಗಳಿಗೆ ಅನ್ನವನ್ನು ಕೊಟ್ಟು, ಅನಂತರ ಮುಚ್ಚಿಹೋಯಿತು. ಎಷ್ಟೇ ದೊಡ್ಡ ಉದ್ಯಮಕ್ಕೂ ಏಳುಬೀಳುಗಳು ತಪ್ಪಿದ್ದಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಈ ವೃತ್ತಾಂತದಲ್ಲಿ ನಾವು ಸಾಮಾನ್ಯವಾಗಿ ಕಿರ್ಲೋಸ್ಕರರ ಧೈರ್ಯವನ್ನು ಮಾತ್ರ ಹೊಗಳುತ್ತೇವೆ. ಆದರೆ ಅದರಲ್ಲಿ ಇನ್ನಿಬ್ಬರಿದ್ದಾರೆ. ಊರೆಲ್ಲ ವಿಷವೆಂದು ಹೇಳುತ್ತಿದ್ದ ನೇಗಿಲನ್ನು ತನ್ನ ಹೊಲದಲ್ಲಿ ಹೂಡಿ ನೋಡಿದ ಮೊದಲನೆಯ ರೈತನು ಒಬ್ಬನು. ಮಿತವಾದ ಸಾಲವನ್ನೂ ಬರಡುಭೂಮಿಯನ್ನೂ ಕೊಟ್ಟ ರಾಜರು ಇನ್ನೊಬ್ಬರು. ಇವರಿಬ್ಬರಿಲ್ಲದೆ ಆ ಧೈರ್ಯವು ಫಲಿಸುತ್ತಿರಲಿಲ್ಲ. ಇಂದಿನ ಹಳ್ಳಿಯಲ್ಲಿ ಈ ಇಬ್ಬರ ಸ್ಥಾನವೂ ಹಿಡುವಳಿದಾರರಿಗೆ ಸೇರಿದುದಾಗಿದೆ.

ಸಸಿಗಳ ಉದ್ಯಮದ ಸ್ವರೂಪ

ಮುಂದಿನ ಮಾತುಗಳು ಸ್ಪಷ್ಟವಾಗುವಂತೆ, ನಾನು ಕೈಕೊಂಡ ಉದ್ಯಮವನ್ನು ಸಂಗ್ರಹವಾಗಿ ವಿವರಿಸುವುದು ಅವಶ್ಯಕ. ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಎಲೆಕೋಸು ಮುಂತಾದುವುಗಳ ಬೀಜವನ್ನು ಹಿಂದೆ ರೈತರು ತಮ್ಮ ಹೊಲದ ಮೂಲೆಯಲ್ಲಿ ಒಟ್ಲು ಹಾಕಿ ಸಸಿ ಮಾಡಿಕೊಳ್ಳುತ್ತಿದ್ದರು. ಬೀಜವು ಮನೆಯದಾಗಿದ್ದಾಗ ಸ್ವಲ್ಪ ಕೊಳೆತರೂ ನಷ್ಟವಿರಲಿಲ್ಲ. ಈಗಿನ ಹೈಬ್ರಿಡ್ ಬೀಜವನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕಾದುದರಿಂದ, ಒಂದೊಂದು ಬೀಜವೂ ಸಸಿಯಾಗಬೇಕಾದುದು ಮುಖ್ಯ.

ಇದಕ್ಕಾಗಿ ೯೮ ಗುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಗಳನ್ನು, ಅಂದರೆ ಪ್ರೋಟ್ರೇಗಳನ್ನು, ಉಪಯೋಗಿಸುವರು. ಗುಳಿಗಳಿಗೆ ಮಣ್ಣಿನ ಬದಲು ಚೆನ್ನಾಗಿ ತೊಳೆದು ಕಳಿಸಿದ ತೆಂಗಿನ ನಾರಿನ ಪುಡಿಯನ್ನು ತುಂಬುವರು. ಒಂದು ತಟ್ಟೆಗೆ ಸುಮಾರು ಒಂದೂಕಾಲು ಕಿಲೋ ಪುಡಿ ಹಿಡಿಯುತ್ತದೆ. ಗುಳಿಗೊಂದರಂತೆ ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ಊರಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೊಳಕೆ ಬರುವವರೆಗೆ ಪ್ಲಾಸ್ಟಿಕ್ ಹಾಳೆಯನ್ನು ಮುಚ್ಚುವರು. ಮೊಳೆತ ಮೇಲೆ ನೆರಳು ಪರದೆಯ ಕೆಳಗೆ ಹರಡುವರು. ಸುತ್ತಲೂ ಸಣ್ಣ ಕಣ್ಣಿನ ಕೀಟಪರದೆಯನ್ನು ಕಟ್ಟುವುದು ಅತ್ಯಗತ್ಯ. ಏಕೆಂದರೆ ಟೊಮ್ಯಾಟೊವಿನ ಎಲೆ ಮುದುಡು ರೋಗವನ್ನು ಹರಡುವ ಬಿಳಿನೊಣವು ಎಳೆಯ ಸಸಿಗೇ ಮುತ್ತುತ್ತದೆ. ಟೊಮ್ಯಾಟೊ ಸಸಿಯು ಸುಮಾರು ೨೫ ದಿನಗಳಲ್ಲಿಯೂ, ಮೆಣಸಿನಕಾಯಿಯದು ೩೫ರಿಂದ ೪೦ ದಿನಗಳಲ್ಲಿಯೂ ನಾಟಿಗೆ ಬರುತ್ತವೆ. ಕೊನೆಯ ಕೆಲವು ದಿನ ನೀರನ್ನು ಕಡಿಮೆ ಮಾಡಿ, ಬಿಸಿಲಿಗೆ ಒಗ್ಗಿಸಿ ಕೊಡುವರು.

ಸಾಲಿನಿಂದ ಸಾಲಿಗೆ ೯೦ ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ ೬೦ ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ಏಳೂವರೆ ಸಾವಿರ ಟೊಮ್ಯಾಟೊ ಸಸಿಗಳು ಬೇಕು. ಅಂದರೆ ೭೭ ತಟ್ಟೆಗಳು, ಮೊಳೆಯದೆ ಹೋಗುವುದನ್ನೂ ಸೇರಿಸಿದರೆ ೮೫. ಬೇರಿನ ಸುತ್ತಲೂ ಪುಡಿಯು ಅಂಟಿಕೊಂಡಿರುವುದರಿಂದ ಕೀಳುವಾಗ ಬೇರು ಹರಿಯುವುದಿಲ್ಲ; ನೆಟ್ಟ ಸಸಿಯು ಬಾಡದೆ ನಿಲ್ಲುತ್ತದೆ.

ಮೊದಲನೆಯ ಕೊಳ್ಳುಗ

ಇಷ್ಟು ಅನುಕೂಲವಿದ್ದರೂ ಮೊದಲನೆಯ ಹಂಗಾಮಿನಲ್ಲಿ ನನ್ನ ಪರದೆಮನೆಗೆ ಬಂದವರು ನೋಡಿ ಹೋದರೇ ಹೊರತು ಕೊಳ್ಳಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಗಳಲ್ಲಿ ಸಸಿಯನ್ನು ಕೊಂಡು ನೆಡುವುದು ರೂಢಿಯಾಗಿದ್ದರೂ ನಮ್ಮ ಸುತ್ತಿನಲ್ಲಿ ಅದು ಹೊಸದಾಗಿತ್ತು. ಹೊಲದಲ್ಲಿ ಚೆಲ್ಲಿದರೆ ಹುಟ್ಟುವ ಸಸಿಗೆ ದುಡ್ಡೇಕೆ ಎಂಬುದು ಒಂದು ಆಕ್ಷೇಪಣೆ. ಮಣ್ಣನ್ನೇ ಕಾಣದ ಸಸಿಯು ಮಣ್ಣಿನಲ್ಲಿ ಹೇಗೆ ಬದುಕೀತು ಎಂಬುದು ಇನ್ನೊಂದು. ಈ ಎರಡನೆಯ ಆಕ್ಷೇಪಣೆಗೂ ಕಬ್ಬಿಣದ ನೇಗಿಲಿನ ವಿಷದ ಮಾತಿಗೂ ಬಹಳ ದೂರವಿಲ್ಲ. ಆದರೆ ಇಂತಹ ಸಂಶಯವನ್ನು ಅಜ್ಞಾನವೆಂದು ಹೀಯಾಳಿಸುವುದು ನ್ಯಾಯವಲ್ಲ. ವರ್ಷದ ಬೆಳೆಯನ್ನು ಒಡ್ಡುವವನು ರೈತನು. ಸಸಿ ಮಾರಿದವನು ತನ್ನ ದುಡ್ಡನ್ನು ಎಣಿಸಿಕೊಂಡು ಹೋಗಿರುತ್ತಾನೆ. ಸಂಶಯಪಡುವುದು ಅವನ ಹಕ್ಕು.

ಆ ಸಂಶಯವು ನನ್ನ ಮಾತಿನಿಂದ ನೀಗಲಿಲ್ಲ. ಊರಿನ ಹಿರಿಯರೊಬ್ಬರು ತಮ್ಮ ಹೊಲದಲ್ಲಿ ನಾಲ್ಕು ಸಾಲುಗಳನ್ನು ಬಿಟ್ಟುಕೊಟ್ಟು, "ಎರಡು ಸಾಲು ನಮ್ಮ ಒಟ್ಲಿನದು, ಎರಡು ಸಾಲು ನಿನ್ನದು, ಗೊಬ್ಬರ, ನೀರು ಎಲ್ಲ ಒಂದೇ. ನೋಡೋಣವಪ್ಪ" ಎಂದರು. ಹೊಲವು ದಾರಿಯ ಪಕ್ಕದಲ್ಲಿದ್ದುದರಿಂದ ಹೋಗಿಬರುವವರೆಲ್ಲ ನಿಂತು ನೋಡಿದರು. ಒಟ್ಲಿನ ಸಾಲುಗಳಲ್ಲಿ ಸತ್ತ ಸಸಿಗಳ ಜಾಗವನ್ನು ಎರಡು ಸಲ ತುಂಬಬೇಕಾಯಿತು. ತಟ್ಟೆಯ ಸಸಿಗಳ ಸಾಲುಗಳು ಒಂದೇ ಸಮನಾಗಿ ಎದ್ದುವು. ಮುಂದಿನ ಹಂಗಾಮಿಗೆ ಆ ಹಿರಿಯರು ಒಂದು ಎಕರೆಗೆ ಸಸಿಯನ್ನು ಕೇಳಿದರು. ಅವರ ಹಿಂದೆ ಉಳಿದವರು ಬಂದರು. ನಾಲ್ಕು ಸಾಲುಗಳಿಂದ ಅವರಿಗೆ ಆಗಬಹುದಾಗಿದ್ದ ನಷ್ಟವು ಅತ್ಯಲ್ಪ. ನನಗೆ ಆದ ಉಪಕಾರವು ಲಕ್ಷ ರೂಪಾಯಿ ಸಾಲಕ್ಕಿಂತ ಹೆಚ್ಚಿನದು.

ಕಾಯದ ಸರಕು

ಹೊಸ ಉದ್ಯಮದ ಅಪಾಯಗಳು ಹೊರಗಿನಿಂದ ಕಾಣುವುದಿಲ್ಲ. ಸಸಿಯು ಗೋದಾಮಿನಲ್ಲಿಡುವ ಸರಕಲ್ಲ. ೨೫ ದಿನಕ್ಕೆ ಸಿದ್ಧವಾದ ಟೊಮ್ಯಾಟೊ ಸಸಿಯನ್ನು ಹೆಚ್ಚು ದಿನ ಗುಳಿಯಲ್ಲಿಯೇ ಬಿಟ್ಟರೆ ಬೇರು ಸುತ್ತಿಕೊಂಡು, ಕಾಂಡವು ಉದ್ದವಾಗಿ ಕೆಲಸಕ್ಕೆ ಬಾರದಂತಾಗುತ್ತದೆ.

೨೦೨೩ರ ಜುಲೈ ತಿಂಗಳಿನಲ್ಲಿ ಟೊಮ್ಯಾಟೊ ಬೆಲೆಯು ಕಿಲೋ ಒಂದಕ್ಕೆ ನೂರು ರೂಪಾಯಿಯನ್ನು ಮೀರಿ ಏರಿದುದು ವಾಚಕರ ನೆನಪಿನಲ್ಲಿರಬಹುದು. ಆಗ ಸಸಿಗಾಗಿ ನನ್ನ ಬಾಗಿಲಿನಲ್ಲಿ ಜನರು ನಿಂತರು. ಸೆಪ್ಟೆಂಬರ್ ವೇಳೆಗೆ ಬೆಲೆಯು ಪಾತಾಳಕ್ಕಿಳಿದಾಗ ಅವರಲ್ಲಿ ಹಲವರು ಹೇಳಿಟ್ಟ ಸಸಿಯನ್ನು ಒಯ್ಯಲು ಬರಲಿಲ್ಲ. ಅರ್ಧ ಹಣವನ್ನು ಮುಂಗಡವಾಗಿ ಪಡೆದೇ ಬೀಜ ಊರುವ ಪದ್ಧತಿಯನ್ನು ಮೊದಲಿನಿಂದ ಇಟ್ಟುಕೊಂಡಿದ್ದುದರಿಂದ ಬೀಜದ ಮತ್ತು ಕೂಲಿಯ ವೆಚ್ಚವು ಹೇಗೋ ಸರಿದೂಗಿತು, ಲಾಭವು ಹೋಯಿತು. ಬೆಲೆ ಏರಿದಾಗ ಎಲ್ಲರೂ ಒಂದೇ ಬೆಳೆಗೆ ಕೈಹಾಕಿದರೆ, ಆ ಬೆಳೆಯು ಪೇಟೆಗೆ ಬರುವ ಹೊತ್ತಿಗೆ ಬೆಲೆ ಇಳಿದಿರುವುದು ಸಹಜ. ಸಸಿ ಮಾರುವವನಿಗೆ ಈ ಏರಿಳಿತವು ರೈತನಿಗಿಂತ ಎರಡು ಮೂರು ತಿಂಗಳು ಮುಂಚೆಯೇ ಕಾಣುತ್ತದೆ. ಎಷ್ಟು ಎಕರೆಗೆ ಸಸಿ ಹೋಗುತ್ತಿದೆಯೆಂಬುದನ್ನು ಈಗ ನಾನು ಒಂದು ಹಲಗೆಯ ಮೇಲೆ ಬರೆದು ಬಾಗಿಲಿನಲ್ಲಿಯೇ ತೂಗುಹಾಕುತ್ತೇನೆ. ಇದರಿಂದ ಕೆಲವು ಗಿರಾಕಿಗಳು ಹಿಂದಿರುಗಿದರೂ, ಹಾಗೆ ಹಿಂದಿರುಗಿದವರೇ ಮುಂದಿನ ಹಂಗಾಮಿನಲ್ಲಿ ನಂಬಿಕೆಯಿಂದ ಬರುತ್ತಾರೆ.

ಜಮೀನನ್ನು ಒತ್ತೆಯಿಡುವ ವಿಚಾರ

ಎಲ್ಲಕ್ಕಿಂತ ಮುಖ್ಯವಾದ ವಿಷಯವಿದು. ನಾನು ಊರಿಗೆ ಬಂದಾಗ ನಮ್ಮ ಕುಟುಂಬದ ನಾಲ್ಕು ಎಕರೆಯ ಮೇಲೆ ಸಾಲವನ್ನೆತ್ತಿ ಒಂದೇ ಸಲಕ್ಕೆ ದೊಡ್ಡ ಪರದೆಮನೆಯನ್ನು ಕಟ್ಟುವ ಯೋಚನೆಯನ್ನು ಮನೆಯಲ್ಲಿ ತಿಳಿಸಿದೆನು. ಯಜಮಾನರಾದ ನಮ್ಮ ದೊಡ್ಡಪ್ಪನವರು ಲೆಕ್ಕವನ್ನೆಲ್ಲ ಸಾವಧಾನವಾಗಿ ಕೇಳಿದರು. ಆಮೇಲೆ, "ನೋಡಪ್ಪ, ನಾಲ್ಕೆಕರೆಯ ಮೇಲೆ ನಾನು ರುಜು ಹಾಕುವುದಿಲ್ಲ. ಬಾವಿಯ ಮಗ್ಗುಲಿನ ಇಪ್ಪತ್ತು ಗುಂಟೆ ತೆಗೆದುಕೊ. ಮೂರು ವರ್ಷ ಗುತ್ತಿಗೆ ಕೇಳುವುದಿಲ್ಲ; ಮನೆಗೆ ರಾಗಿ, ಬೇಳೆ ನಾನು ಹಾಕುತ್ತೇನೆ. ನಿನ್ನ ಕೆಲಸ ನಿಂತರೆ ಸಾಲ ಕೊಡುವವರು ತಾವೇ ಬರುತ್ತಾರೆ. ನಿಲ್ಲದಿದ್ದರೆ ನೆಲವಂತೂ ಉಳಿಯುತ್ತದೆ" ಎಂದರು.

ಆ ದಿನ ಆ ಮಾತು ನನಗೆ ಕಹಿಯಾಗಿಯೇ ತೋರಿತು. ಆದರೆ ಅದರಲ್ಲಿದ್ದ ಅಳತೆಯನ್ನು ವಾಚಕರು ಗಮನಿಸಬೇಕು. ಅವರು ಇಲ್ಲವೆನ್ನಲಿಲ್ಲ, ಎಲ್ಲವನ್ನೂ ಕೊಡಲೂ ಇಲ್ಲ. ಸೋತರೆ ಮನೆಯು ತಡೆದುಕೊಳ್ಳಬಹುದಾದಷ್ಟನ್ನು ಕೊಟ್ಟು, ಕಾಲಾವಕಾಶವನ್ನು ಮಾತ್ರ ಧಾರಾಳವಾಗಿ ಕೊಟ್ಟರು. ಹೊಸ ಉದ್ಯಮಕ್ಕೆ ಬೇಕಾದುದು ಮುಖ್ಯವಾಗಿ ಈ ಕಾಲಾವಕಾಶವೇ. ಬ್ಯಾಂಕಿನ ಕಂತು ಮೊದಲನೆಯ ಗಿರಾಕಿಗಾಗಿ ಕಾಯುವುದಿಲ್ಲ; ದೊಡ್ಡಪ್ಪನವರ ರಾಗಿ ಕಾಯುತ್ತದೆ.

ಒತ್ತೆಯ ವಿಷಯದಲ್ಲಿ ಕಾನೂನಿನ ಕೆಲವು ಅಂಶಗಳನ್ನು ಯಜಮಾನರು ತಿಳಿದಿರುವುದು ಒಳ್ಳೆಯದು. ಒಬ್ಬನು ಸ್ವಂತ ಹೆಸರಿನಲ್ಲಿಯೇ ವ್ಯಾಪಾರ ಮಾಡಿದರೆ ಅದರ ಸಾಲಕ್ಕೆ ಆತನ ಇತರ ಆಸ್ತಿಯೂ ಹೊಣೆಯಾಗುತ್ತದೆ. ಕಂಪೆನಿಯನ್ನಾಗಲಿ, ೨೦೦೮ರ ಕಾಯಿದೆಯಂತೆ ಮಿತ ಹೊಣೆಯ ಪಾಲುದಾರಿಕೆಯನ್ನಾಗಲಿ ನೋಂದಾಯಿಸಿದರೆ ಹೊಣೆಯು ಹಾಕಿದ ಬಂಡವಾಳಕ್ಕೆ ಮಿತವಾಗಿರುತ್ತದೆ. ಆದರೆ ಮನೆಯ ಹಿರಿಯರು ಜಾಮೀನುದಾರರಾಗಿ ರುಜು ಹಾಕಿದರೆ ಆ ಮಿತಿಯು ಅವರ ಮಟ್ಟಿಗೆ ಇಲ್ಲವಾಗುತ್ತದೆ. ಆದುದರಿಂದ ಎಲ್ಲಿ ರುಜು ಹಾಕುತ್ತೇವೆಂಬುದನ್ನು ಓದಿಸಿ ಕೇಳಿಕೊಂಡು ಹಾಕತಕ್ಕದ್ದು. ೨೦೧೫ರ ಏಪ್ರಿಲ್ ೮ರಂದು ಪ್ರಾರಂಭವಾದ ಮುದ್ರಾ ಯೋಜನೆಯು ಸಣ್ಣ ಉದ್ಯಮಗಳಿಗೆ ಒತ್ತೆಯಿಲ್ಲದೆ ಸಾಲ ದೊರೆಯಲೆಂದೇ ಏರ್ಪಟ್ಟುದು. ಜಮೀನಿನ ಕಾಗದಗಳನ್ನು ತೆಗೆಯುವ ಮೊದಲು ಅಂತಹ ಮಾರ್ಗಗಳನ್ನು ವಿಚಾರಿಸುವುದು ಯುಕ್ತ. ಸಾಗುವಳಿಯ ಭೂಮಿಯಲ್ಲಿ ಕಾರ್ಖಾನೆ ಮೊದಲಾದ ಕಟ್ಟಡವನ್ನು ಕಟ್ಟುವುದಾದರೆ ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ಪ್ರಕಾರ ಭೂಪರಿವರ್ತನೆಯ ವಿಷಯವೂ ಬರುತ್ತದೆಂಬುದನ್ನು ಮರೆಯಬಾರದು.

ಯಜಮಾನರಲ್ಲಿ ವಿಜ್ಞಾಪನೆ

ಊರಿಗೆ ಹಿಂದಿರುಗಿ ಉದ್ಯಮ ಹೂಡುವವರನ್ನು ಕುರಿತು ಹಿರಿಯರು ಈ ಕೆಳಗಿನ ಅಂಶಗಳನ್ನು ಗಮನಿಸಬಹುದಾಗಿದೆ.

(೧) ಆತನು ಏನನ್ನು ಬಿಟ್ಟು ಬಂದನೆಂಬುದಕ್ಕಿಂತ, ಆತನು ಮಾಡುವ ಪದಾರ್ಥವನ್ನು ಯಾರು ಕೊಳ್ಳುವರೆಂಬುದನ್ನು ಕೇಳಬೇಕು. ಕೊಳ್ಳುವ ಹತ್ತು ಮಂದಿ ರೈತರನ್ನು ಆತನು ತೋರಿಸಲಾರದಿದ್ದರೆ, ಇನ್ನೂ ಕೆಲವು ಕಾಲ ನೌಕರಿಯಲ್ಲಿದ್ದುಕೊಂಡೇ ರಜಾದಿನಗಳಲ್ಲಿ ಪ್ರಯೋಗ ಮಾಡೆಂದು ಹೇಳುವುದು ಲೇಸು.

(೨) ಮನೆಖರ್ಚಿಗೆ ಎಷ್ಟು ತಿಂಗಳ ಹಣವನ್ನು ಬೇರೆಯಾಗಿ ಇರಿಸಿದ್ದಾನೆಂಬುದನ್ನು ಕೇಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

(೩) ಹಿಡುವಳಿಯನ್ನೆಲ್ಲ ಒತ್ತೆಯಿಡುವ ಬದಲು, ಒಂದು ಮೂಲೆಯನ್ನು ಗೊತ್ತಾದ ಅವಧಿಗೆ ಬಿಟ್ಟುಕೊಡಬೇಕು. ಅಣ್ಣತಮ್ಮಂದಿರಿದ್ದರೆ ಅದನ್ನು ಎಲ್ಲರ ಒಪ್ಪಿಗೆಯಿಂದ ಕಾಗದದ ಮೇಲೆ ಬರೆದಿಡಬೇಕು.

(೪) ಹೊಸ ಪದಾರ್ಥವನ್ನು ನಂಬುವುದೂ ಬೇಡ, ತಳ್ಳುವುದೂ ಬೇಡ. ತಮ್ಮ ಹೊಲದಲ್ಲಿ ದಾರಿಯ ಪಕ್ಕದ ನಾಲ್ಕು ಸಾಲುಗಳನ್ನು ಅದರ ಪರೀಕ್ಷೆಗೆ ಕೊಡಬೇಕು. ಫಲಿತಾಂಶವು ಹೇಗೇ ಬರಲಿ, ಊರಿಗೆ ಅದು ಲಾಭವೇ.

(೫) ಎಷ್ಟು ಕಾಲದೊಳಗೆ ಕೆಲಸವು ನಿಲ್ಲದಿದ್ದರೆ ಮುಚ್ಚಬೇಕೆಂಬುದನ್ನು ಪ್ರಾರಂಭದಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಹಾಗೆ ಮುಚ್ಚಿ ಮತ್ತೆ ನೌಕರಿಗೆ ಹೋಗುವವನನ್ನು ಊರಿನವರು ಹೀನಾಯವಾಗಿ ಕಾಣಬಾರದು. ಹಾಗೆ ಕಾಣುವರೆಂಬ ಭಯದಿಂದಲೇ ಹಲವರು ನಷ್ಟದ ಕೆಲಸವನ್ನು ಬಿಡಲಾರದೆ ಸಾಲವನ್ನು ಬೆಳೆಸುತ್ತಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ಬಿಟ್ಟು ಬಂದ ಸಂಬಳವನ್ನು ಈ ಉದ್ಯಮವು ಇನ್ನೂ ತಂದುಕೊಟ್ಟಿಲ್ಲ. ಆದರೆ ಊರಿನ ಏಳು ಮಂದಿ ಹೆಂಗಸರಿಗೆ ವರ್ಷವಿಡೀ ಕೆಲಸವು ದೊರೆತಿದೆ. ಸುತ್ತಿನ ರೈತರು ಸಸಿಗಾಗಿ ದೂರದ ಊರಿಗೆ ಹೋಗುವುದು ತಪ್ಪಿದೆ. ಇಪ್ಪತ್ತು ಗುಂಟೆಯು ಈಗ ಒಂದು ಎಕರೆಯಾಗಿದೆ, ಕುಟುಂಬದ ಪಹಣಿಯಲ್ಲಿ ಋಣದ ಕಾಲಂ ಖಾಲಿಯಾಗಿಯೇ ಇದೆ. ಇಂತಹ ಉದ್ಯಮವನ್ನು ನಡೆಸಬಯಸುವವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೂ, ತಾಲ್ಲೂಕು ತೋಟಗಾರಿಕೆ ಕಚೇರಿಯನ್ನೂ ಮೊದಲು ಸಂದರ್ಶಿಸುವುದು ಉತ್ತಮ. ತಟ್ಟೆಗಳಲ್ಲಿ ಸಸಿ ಬೆಳೆಸುವ ಕ್ರಮದ ಬಗ್ಗೆ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ತಿಳಿವಳಿಕೆಯು ಬಹಳ ಉಪಯುಕ್ತವಾಗಿದೆ. ಈ ಮುಂಗಾರಿನಲ್ಲಿ ಯಾವ ಊರಿನ ಹಿರಿಯರಾದರೂ ಒಬ್ಬ ತರುಣನಿಗೆ ನಾಲ್ಕು ಸಾಲುಗಳನ್ನು ಬಿಟ್ಟುಕೊಟ್ಟರೆ ಈ ಲೇಖನದ ಉದ್ದೇಶವು ಸಫಲವಾದಂತಾಗುವುದು.